ಹಾಡು ಕೊಂಡವರದು, ಬೀಗದ ಕೈ ಯಾರದು?



ಮೊಬೈಲ್ ಫೋನಿಗೆ ಹಾಕುವ ಮೆಮೊರಿ ಕಾರ್ಡನ್ನು ನೀವೆಲ್ಲ ನೋಡಿದ್ದೀರಿ. ಕಿರುಬೆರಳಿನ ಉಗುರಿನಷ್ಟು ಅಗಲದ ಕಪ್ಪು ಚೂರು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಮೊಬೈಲ್ ಅಂಗಡಿಗಳಲ್ಲಿ ಆ ಚೂರಿಗೆ ಹಾಡು ತುಂಬಿಸಿಕೊಡುವ ವ್ಯಾಪಾರ ಹಲವು ವರ್ಷ ಬಿರುಸಾಗಿ ನಡೆಯಿತು. ರಾಜ್‌ಕುಮಾರ್ ಚಿತ್ರಗಳ ಹಾಡು ಒಂದಷ್ಟು, ತೆಲುಗು ಚಿತ್ರಗಳದು ಒಂದಷ್ಟು, ಭಕ್ತಿಗೀತೆ ಒಂದಷ್ಟು ಎಂದು ಹೇಳಿದರೆ ಸಾಕು, ಅರ್ಧ ಗಂಟೆಯೊಳಗೆ ಕಾರ್ಡು ಭರ್ತಿಯಾಗುತ್ತಿತ್ತು. ಈ ಹಾಡುಗಳಿಗೆ ಹಣ ಸಂದಿದೆಯೇ ಎಂದು ಅಂಗಡಿಯವರೂ ಕೇಳಲಿಲ್ಲ, ಗಿರಾಕಿಯೂ ಕೇಳಲಿಲ್ಲ.

ಆ ಕಾರ್ಡಿನ ಮೇಲೆ ‘ಎಸ್‌ಡಿ’ ಎಂಬ ಎರಡು ಅಕ್ಷರಗಳಿರುತ್ತವೆ. ಸೆಕ್ಯೂರ್ ಡಿಜಿಟಲ್ ಎಂಬುದರ ಹ್ರಸ್ವರೂಪ ಅದು. ‘ಸೆಕ್ಯೂರ್’ ಎಂದರೆ ಭದ್ರ. ಯಾರಿಂದ ಭದ್ರ? ನಕಲು ಮಾಡುವವರಿಂದ! 1999ರಲ್ಲಿ ಪ್ಯಾನಸೋನಿಕ್, ತೋಷಿಬಾ ಮತ್ತು ಸ್ಯಾನ್‌ಡಿಸ್ಕ್ ಕಂಪನಿಗಳು ಈ ಕಾರ್ಡನ್ನು ರೂಪಿಸಿದಾಗ, ಹಾಡುಗಳನ್ನು ಬೀಗ ಹಾಕಿ ಇಡಲು ಅನುಕೂಲವಾಗಲೆಂದೇ ಅದರೊಳಗೆ ಒಂದು ಗುಪ್ತ ಭಾಗವನ್ನು ಮೀಸಲಿಟ್ಟಿದ್ದವು. ಬೀಗದ ಕೈಯನ್ನು ಅಲ್ಲಿ ಅಡಗಿಸಿಡುವುದು, ಒಪ್ಪಿಗೆ ಪಡೆದ ಯಂತ್ರಕ್ಕೆ ಮಾತ್ರ ಅದು ಸಿಗುವಂತೆ ನೋಡಿಕೊಳ್ಳುವುದು ಅವರ ಯೋಜನೆ. ಜಪಾನಿನಲ್ಲಿ ಈ ಏರ್ಪಾಡು ಸ್ವಲ್ಪಮಟ್ಟಿಗೆ ಬಳಕೆಗೂ ಬಂತು. ಆದರೆ ಉಳಿದೆಡೆ ಜನ ಆ ಗುಪ್ತ ಭಾಗದ ಗೋಜಿಗೇ ಹೋಗಲಿಲ್ಲ. ನಕಲು ತಡೆಯಲು ಹುಟ್ಟಿದ ವಸ್ತುವೇ ನಕಲಿನ ದೊಡ್ಡ ವಾಹನವಾಯಿತು.

ಇದು ಹೇಗಾಯಿತು, ಹಾಡಿಗೆ ಬೀಗ ಹಾಕುವ ಪ್ರಯತ್ನ ಏಕೆ ಶುರುವಾಯಿತು, ಆ ಬೀಗ ಈಗ ಎಲ್ಲಿದೆ ಎಂಬುದೇ ಇಂದಿನ ವಿಷಯ. ಇದು ಕೇವಲ ಯಂತ್ರಗಳ ಕಥೆಯಲ್ಲ. ದುಡ್ಡು ಕೊಟ್ಟು ತಂದ ವಸ್ತುವಿನ ಮೇಲೆ ಕೊಂಡವರಿಗೆ ಎಷ್ಟು ಹಕ್ಕು ಇದೆ ಎಂಬ ಪ್ರಶ್ನೆಯೂ ಇದರಲ್ಲಿದೆ.

ಬೀಗವಿಲ್ಲದ ಕಾಲ

ಚಿಂತಾಮಣಿ ತಾಲ್ಲೂಕಿನ ಕೈವಾರ ಇಲ್ಲಿಂದ ದೂರವಿಲ್ಲ. ಕೈವಾರ ತಾತಯ್ಯ ಎಂದೇ ಹೆಸರಾದ ಯೋಗಿ ನಾರೇಯಣರು ತೆಲುಗು ಮತ್ತು ಕನ್ನಡ ಎರಡರಲ್ಲೂ ಪದಗಳನ್ನು ಕಟ್ಟಿದರು. ಆ ಪದಗಳು ಈ ಸೀಮೆಯಲ್ಲಿ ಇಂದಿಗೂ ಉಳಿದಿರುವುದು ಹೇಗೆ? ಒಬ್ಬರ ಬಾಯಿಂದ ಇನ್ನೊಬ್ಬರು ಕಲಿತರು, ಭಜನೆಯಲ್ಲಿ ಹಾಡಿದರು, ಓದು ಬಲ್ಲವರು ಬರೆದಿಟ್ಟುಕೊಂಡರು. ಪ್ರತಿಯೊಂದು ಹಂತದಲ್ಲೂ ನಡೆದದ್ದು ನಕಲೇ. ನಕಲು ನಿಂತಿದ್ದರೆ ಪದವೂ ನಿಲ್ಲುತ್ತಿತ್ತು.

ಗ್ರಾಮಫೋನ್ ಬಂದ ಮೇಲೆ ಹಾಡು ಮೊದಲ ಬಾರಿಗೆ ಅಂಗಡಿಯ ಸರಕಾಯಿತು. ಆದರೆ ಮನೆಯಲ್ಲಿ ಕುಳಿತು ಯಾರೂ ತಟ್ಟೆ ಒತ್ತುವಂತಿರಲಿಲ್ಲವಾದ್ದರಿಂದ ಕಂಪನಿಗಳಿಗೆ ನಕಲಿನ ಭಯವಿರಲಿಲ್ಲ. ಭಯ ಬಂದದ್ದು ಕ್ಯಾಸೆಟ್ಟಿನೊಂದಿಗೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಧ್ವನಿಸುರುಳಿ ಭಾರತದ ಹಳ್ಳಿಗಳನ್ನು ತಲುಪಲು ಹದಿನೈದು ವರ್ಷ ಹಿಡಿಯಿತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡದ ಭಾವಗೀತೆ ಧ್ವನಿಸುರುಳಿಗಳ ಯುಗ ಶುರುವಾದದ್ದು ಅಲ್ಲಿಂದ. ಅಲ್ಲಿಂದ ಮುಂದೆ ಸಣ್ಣಪುಟ್ಟ ಕಂಪನಿಗಳೂ ಭಕ್ತಿಗೀತೆ, ಜನಪದ ಗೀತೆ, ಹರಿಕಥೆ, ನಾಟಕಗಳನ್ನು ಕ್ಯಾಸೆಟ್ಟಿಗೆ ಇಳಿಸಿದವು. ದೊಡ್ಡ ಕಂಪನಿಗಳು ಕಣ್ಣೆತ್ತಿಯೂ ನೋಡದಿದ್ದ ಗಾಯಕರಿಗೆ ಕೇಳುಗರು ಸಿಕ್ಕರು.

ಅದೇ ಹೊತ್ತಿಗೆ, ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರ್ ಇದ್ದವರೆಲ್ಲ ನಕಲು ಮಾಡಬಲ್ಲವರಾದರು. ಆದರೂ ಕ್ಯಾಸೆಟ್ಟಿನಲ್ಲಿ ಒಂದು ಸಹಜ ತಡೆ ಇತ್ತು. ನಕಲಿನ ನಕಲು ತೆಗೆದಂತೆ ಧ್ವನಿ ಮಸುಕಾಗುತ್ತಿತ್ತು, ‘ಹಿಸ್’ ಎನ್ನುವ ಸದ್ದು ಹೆಚ್ಚುತ್ತಿತ್ತು. ನಾಲ್ಕನೆಯದೋ ಐದನೆಯದೋ ನಕಲು ಕೇಳಿದವರು ಒಳ್ಳೆಯದೊಂದನ್ನು ಕೊಳ್ಳೋಣ ಎಂದುಕೊಳ್ಳುತ್ತಿದ್ದರು.

ಸದ್ದು ಅಂಕಿಯಾದಾಗ

ಆ ತಡೆಯನ್ನು ಕಂಪ್ಯೂಟರ್ ಕಿತ್ತುಹಾಕಿತು. ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿ.ಡಿ., ಸದ್ದನ್ನು ಅಂಕಿಗಳಾಗಿ ಬರೆದಿಡುತ್ತದೆ. ಅಂಕಿಯನ್ನು ಎಷ್ಟು ಸಲ ನಕಲು ಮಾಡಿದರೂ ಅದು ಅದೇ ಅಂಕಿ. ನೂರನೆಯ ನಕಲೂ ಮೂಲದಷ್ಟೇ ಚೊಕ್ಕ. ಸಿ.ಡಿ.ಯಲ್ಲಿ ನಾಲ್ಕು ನಿಮಿಷದ ಹಾಡಿಗೆ ಸುಮಾರು 42 ಮೆಗಾಬೈಟ್ ಜಾಗ ಬೇಕು. 1990ರ ದಶಕದ ಕಂಪ್ಯೂಟರಿಗೆ ಅದು ಹೆಣಭಾರ. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ಮತ್ತು ಅವರ ಜೊತೆಗಾರರು ಕಿವಿಯ ಸ್ವಭಾವವನ್ನು ಅಭ್ಯಾಸ ಮಾಡಿ ಇದಕ್ಕೊಂದು ಉಪಾಯ ಕಂಡುಕೊಂಡರು. ತಮಟೆ ಬಡಿಯುತ್ತಿರುವಾಗ ಪಕ್ಕದಲ್ಲಿ ಪಿಸುಗುಟ್ಟಿದ್ದು ಕೇಳಿಸುವುದಿಲ್ಲ ಅಲ್ಲವೆ? ಹೀಗೆ ಹೇಗೂ ಕೇಳಿಸದ ಅಂಶಗಳನ್ನು ಲೆಕ್ಕ ಹಾಕಿ ಕೈಬಿಟ್ಟರೆ ಅದೇ ಹಾಡು ಹನ್ನೊಂದರಲ್ಲಿ ಒಂದು ಪಾಲಿಗೆ, ಸುಮಾರು 4 ಮೆಗಾಬೈಟಿಗೆ ಇಳಿಯುತ್ತದೆ. 1995ರಲ್ಲಿ ಇಂತಹ ಕಡತಗಳಿಗೆ ‘ಎಂಪಿ3’ ಎಂಬ ಬಾಲ ಅಂಟಿತು.

ಇಂಥ ಹಾಡುಗಳನ್ನು ಜೇಬಿನಲ್ಲಿಟ್ಟುಕೊಂಡು ಕೇಳುವ ಯಂತ್ರಗಳು 1998ರಲ್ಲಿ ಬಂದವು. ಕೊರಿಯಾದ ಎಂಪಿಮ್ಯಾನ್ ಮೊದಲು, ಅದೇ ವರ್ಷ ಅಮೆರಿಕದ ಡೈಮಂಡ್ ಕಂಪನಿಯ ‘ರಿಯೋ’. ರಿಯೋದಲ್ಲಿದ್ದ ಜಾಗ 32 ಮೆಗಾಬೈಟ್, ಅಂದರೆ ಅರ್ಧ ಗಂಟೆಯ ಹಾಡು. ಅಷ್ಟಕ್ಕೇ ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಬೆಚ್ಚಿಬಿದ್ದು 1998ರ ಅಕ್ಟೋಬರಿನಲ್ಲಿ ಕೋರ್ಟಿಗೆ ಹೋಯಿತು. 1999ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಡೈಮಂಡ್ ಪರವಾಗಿ ತೀರ್ಪಿತ್ತಿತು. ಜನರು ತಮ್ಮ ಬಳಿ ಈಗಾಗಲೇ ಇರುವ ಹಾಡನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಒಯ್ಯುವುದಷ್ಟೇ ಇದರಿಂದ ಆಗುತ್ತದೆ, ಅದು ಸ್ವಂತ ಬಳಕೆಯೇ ಎಂಬುದು ತೀರ್ಪಿನ ತಿರುಳು. ಕೋರ್ಟಿನಲ್ಲಿ ಸೋತ ಮೇಲೆ ಕಂಪನಿಗಳು ಪೂರ್ತಿಯಾಗಿ ಬೀಗದ ಕಡೆ ತಿರುಗಿದವು.

ಬೀಗ ಹೇಗೆ ಕೆಲಸ ಮಾಡುತ್ತದೆ?

ಇದನ್ನು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಉದಾಹರಣೆಯಿಂದ ತಿಳಿಯಬಹುದು. ರೀಲರ್ ಹರಾಜಿನಲ್ಲಿ ರೇಷ್ಮೆಗೂಡು ಕೊಳ್ಳುತ್ತಾನೆ. ಮನೆಗೆ ಒಯ್ದು ಚರಕದಲ್ಲಾದರೂ ನೂಲು ಬಿಚ್ಚಲಿ, ಕಾಟೇಜ್ ಬೇಸಿನ್ನಿನಲ್ಲಾದರೂ ಬಿಚ್ಚಲಿ, ಮಲ್ಟಿಎಂಡ್ ಯಂತ್ರದಲ್ಲಾದರೂ ಬಿಚ್ಚಲಿ. ಮಾರಿದ ರೈತ ಅದನ್ನು ಕೇಳಲು ಬರುವುದಿಲ್ಲ. ಈಗ ಒಂದು ವಿಚಿತ್ರ ಕಲ್ಪಿಸಿಕೊಳ್ಳಿ. ಗೂಡಿನ ಎಳೆಯ ತುದಿಯನ್ನು ಯಾರೋ ಒಳಗೆ ಅಡಗಿಸಿಟ್ಟಿದ್ದಾರೆ. ಒಂದೇ ಕಂಪನಿಯ ಯಂತ್ರಕ್ಕೆ ಮಾತ್ರ ಆ ತುದಿ ಸಿಗುತ್ತದೆ. ಆ ಯಂತ್ರವೂ ಪ್ರತಿ ಸಲ ಕಂಪನಿಯನ್ನು ಕೇಳಿ ಒಪ್ಪಿಗೆ ಪಡೆದೇ ತಿರುಗುತ್ತದೆ. ಕಂಪನಿ ಬಾಗಿಲು ಹಾಕಿದರೆ ಗೂಡು ಗೂಡಾಗಿಯೇ ಉಳಿಯುತ್ತದೆ. ಹಣ ಕೊಟ್ಟದ್ದು ನಿಜ, ಗೂಡು ಮನೆಯಲ್ಲಿರುವುದೂ ನಿಜ, ಆದರೆ ನೂಲು ಸಿಗದು.

ಬೀಗ ಹಾಕಿದ ಹಾಡು ಹೀಗೆಯೇ. ಹಾಡಿನ ಅಂಕಿಗಳನ್ನು ಒಂದು ಗುಪ್ತ ಸಂಖ್ಯೆಯ ನೆರವಿನಿಂದ ಕಲಸಿಡುತ್ತಾರೆ. ಆ ಗುಪ್ತ ಸಂಖ್ಯೆಯೇ ಬೀಗದ ಕೈ. ಕೊಂಡವರ ಖಾತೆ ಮತ್ತು ಅವರ ಯಂತ್ರದ ಗುರುತು ಹೊಂದಿದರೆ ಮಾತ್ರ ಅದು ಹಾಡನ್ನು ಬಿಡಿಸಿ ಕೇಳಿಸುತ್ತದೆ. ಬೇರೆ ಯಂತ್ರದಲ್ಲಿ ಅದೇ ಕಡತ ಬರೀ ಗದ್ದಲ.

ಇದರಲ್ಲಿ ಮೊದಲಿನಿಂದಲೂ ಒಂದು ದೌರ್ಬಲ್ಯವಿದೆ. ಮಾಮೂಲಿ ಗುಪ್ತ ಸಂದೇಶದಲ್ಲಿ ಕಳುಹಿಸುವವರು, ಪಡೆಯುವವರು, ಕದ್ದು ಓದುವ ಶತ್ರು ಎಂದು ಮೂರು ಮಂದಿ. ಹಾಡಿನ ವ್ಯಾಪಾರದಲ್ಲಿ ಪಡೆಯುವವರನ್ನೇ ಶತ್ರು ಎಂದು ಭಾವಿಸಬೇಕಾಗುತ್ತದೆ. ಹಾಡು ಕೇಳಿಸಬೇಕಾದರೆ ಬೀಗದ ಕೈ ಅವರ ಮನೆಯ ಯಂತ್ರದೊಳಗೆ ಎಲ್ಲೋ ಇರಲೇಬೇಕು. ಹುಡುಕುವ ಹಟವಿದ್ದವರಿಗೆ ಅದು ಇಂದಲ್ಲ ನಾಳೆ ಸಿಗುತ್ತದೆ. ಅದೂ ಬೇಡ, ಸ್ಪೀಕರಿನಿಂದ ಹೊರಬಂದ ಸದ್ದನ್ನು ಮತ್ತೆ ಧ್ವನಿಮುದ್ರಿಸಿಕೊಂಡರೆ ಯಾವ ಬೀಗವೂ ತಡೆಯಲಾರದು.

1998ರ ಡಿಸೆಂಬರಿನಲ್ಲಿ ಕಂಪನಿಗಳು ‘ಎಸ್‌ಡಿಎಂಐ’ ಎಂಬ ಒಕ್ಕೂಟ ಕಟ್ಟಿ ಎಲ್ಲರಿಗೂ ಒಂದೇ ಬೀಗ ತಯಾರಿಸಲು ಹೊರಟವು. ಎಸ್‌ಡಿ ಕಾರ್ಡಿನ ಗುಪ್ತ ಭಾಗ ಮೂಡಿದ್ದು ಇದೇ ಹಿನ್ನೆಲೆಯಲ್ಲಿ. 2000ದ ಸೆಪ್ಟೆಂಬರಿನಲ್ಲಿ ‘ಸಾಧ್ಯವಾದರೆ ಮುರಿಯಿರಿ’ ಎಂದು ಒಕ್ಕೂಟ ಬಹಿರಂಗ ಸವಾಲು ಹಾಕಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಡ್ವರ್ಡ್ ಫೆಲ್ಟನ್ ಮತ್ತು ಸಂಗಡಿಗರು ಕೆಲವೇ ವಾರಗಳಲ್ಲಿ ಮುರಿದು ತೋರಿಸಿದರು. ಹೇಗೆ ಮುರಿದೆವೆಂದು ಪ್ರಬಂಧ ಮಂಡಿಸಲು ಹೊರಟಾಗ ಅವರಿಗೆ ಕಾನೂನು ಕ್ರಮದ ಎಚ್ಚರಿಕೆಯ ಪತ್ರ ಬಂತು. ಕೊನೆಗೆ 2001ರ ಆಗಸ್ಟಿನಲ್ಲಿ ಪ್ರಬಂಧ ಮಂಡನೆಯಾಯಿತು, ಒಕ್ಕೂಟ ತಣ್ಣಗಾಯಿತು.

ಒಬ್ಬೊಬ್ಬರದು ಒಂದೊಂದು ಕೋಟೆ

ಒಂದೇ ಬೀಗ ಸಾಧ್ಯವಾಗದಾಗ ಪ್ರತಿ ಕಂಪನಿಯೂ ತನ್ನದೇ ಕೋಟೆ ಕಟ್ಟಿಕೊಂಡಿತು. ಸೋನಿಯ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಜೇಬಿನ ಸಂಗೀತಕ್ಕೆ ‘ವಾಕ್‌ಮನ್’ ಎಂಬ ಹೆಸರನ್ನೇ ಕೊಟ್ಟ ಕಂಪನಿ ಅದು. 1999ರಲ್ಲೇ ಮೆಮೊರಿ ಸ್ಟಿಕ್ ಹಾಕುವ ಡಿಜಿಟಲ್ ವಾಕ್‌ಮನ್ ತಂದಿತು. ಆದರೆ ಸೋನಿ ಹಾಡು ಮಾರುವ ಕಂಪನಿಯ ಒಡೆಯನೂ ಹೌದು. ಒಂದು ಕೈ ಯಂತ್ರ ಮಾರಬೇಕು ಎನ್ನುತ್ತಿತ್ತು, ಇನ್ನೊಂದು ಕೈ ನಕಲು ತಡೆಯಬೇಕು ಎನ್ನುತ್ತಿತ್ತು. ಆ ಯಂತ್ರ ಎಂಪಿ3 ಹಾಡನ್ನು ನೇರವಾಗಿ ನುಡಿಸುತ್ತಿರಲಿಲ್ಲ. ಸೋನಿಯದೇ ಆದ ರೂಪಕ್ಕೆ ಬದಲಿಸಿ, ಬೀಗ ಹಾಕಿ, ಆಮೇಲೆ ತುಂಬಬೇಕಿತ್ತು. ಐದು ವರ್ಷ ಕಳೆದು 2004ರಲ್ಲಿ ಸೋನಿ ಎಂಪಿ3ಗೆ ಬಾಗಿಲು ತೆರೆಯುವ ಹೊತ್ತಿಗೆ ಮಾರುಕಟ್ಟೆ ಆಪಲ್ ಪಾಲಾಗಿತ್ತು.

ಆಪಲ್ 2001ರ ಅಕ್ಟೋಬರಿನಲ್ಲಿ ಐಪಾಡ್ ತಂದಿತು. 5 ಗಿಗಾಬೈಟ್, ಸಾವಿರ ಹಾಡು. ಬಳಸಲು ಸುಲಭ, ನೋಡಲು ಚಂದ. ಎಂಪಿ3ಯನ್ನೂ ನುಡಿಸುತ್ತಿತ್ತು. 2003ರ ಏಪ್ರಿಲ್‌ನಲ್ಲಿ ಹಾಡಿಗೆ 99 ಸೆಂಟ್‌ನಂತೆ ಮಾರುವ ಅಂಗಡಿಯನ್ನೂ ತೆರೆಯಿತು. ಅಲ್ಲಿ ಕೊಂಡ ಹಾಡಿಗೆ ‘ಫೇರ್‌ಪ್ಲೇ’ ಎಂಬ ಬೀಗ. ಇತರ ಕಂಪನಿಗಳ ಯಂತ್ರದಲ್ಲಿ ಅದು ನುಡಿಯದು. ಐಪಾಡಿಗೆ ತುಂಬಿದ ಹಾಡುಗಳು ಅಡಗಿಸಿಟ್ಟ ಕೋಶಗಳಲ್ಲಿ, ನಾಲ್ಕು ಅಕ್ಷರಗಳ ಅರ್ಥವಿಲ್ಲದ ಹೆಸರುಗಳಲ್ಲಿ ಕೂರುತ್ತಿದ್ದವು. ಮತ್ತೆ ಕಂಪ್ಯೂಟರಿಗೆ ಸುಲಭವಾಗಿ ಇಳಿಸಿಕೊಳ್ಳಲು ಬಾರದಿರಲಿ ಎಂದೇ ಈ ವ್ಯವಸ್ಥೆ. ಇನ್ನೂರು ಹಾಡು ಕೊಂಡವರು ಮುಂದಿನ ಯಂತ್ರವನ್ನೂ ಆಪಲ್‌ನದೇ ಕೊಳ್ಳಬೇಕು, ಇಲ್ಲವೇ ಇನ್ನೂರು ಹಾಡಿನ ಆಸೆ ಬಿಡಬೇಕು. ಕಳ್ಳನಿಗೆಂದು ಹಾಕಿದ ಬೀಗ ಗಿರಾಕಿಯನ್ನು ಕಟ್ಟಿಹಾಕಿತು.

ಮೈಕ್ರೋಸಾಫ್ಟ್ 2004ರಲ್ಲಿ ಹಲವು ಕಂಪನಿಗಳ ಯಂತ್ರಗಳಿಗೆ ಹೊಂದುವ ಬೀಗವೊಂದನ್ನು ತಂದು ‘ಖಂಡಿತ ನುಡಿಯುತ್ತದೆ’ ಎಂಬರ್ಥದ ಹೆಸರಿಟ್ಟಿತು. ಎರಡೇ ವರ್ಷದಲ್ಲಿ ತಾನೇ ‘ಝೂನ್’ ಎಂಬ ಯಂತ್ರ ತಂದಿತು. ಖಂಡಿತ ನುಡಿಯಬೇಕಿದ್ದ ಹಾಡುಗಳು ಆ ಯಂತ್ರದಲ್ಲೇ ನುಡಿಯಲಿಲ್ಲ! ಇನ್ನು 2005ರಲ್ಲಿ ಸೋನಿ ಬಿಎಂಜಿ ಕಂಪನಿಯ ಕೆಲವು ಸಿ.ಡಿ.ಗಳು ಕಂಪ್ಯೂಟರಿಗೆ ಹಾಕಿದೊಡನೆ ಕೇಳದೆಯೇ ಒಂದು ಗುಪ್ತ ತಂತ್ರಾಂಶವನ್ನು ಒಳಗೆ ಬಿಡುತ್ತಿದ್ದುದು ಬಯಲಾಯಿತು. ನಕಲು ತಡೆಯಲೆಂದು ಬಿಟ್ಟ ಅದು ಕಂಪ್ಯೂಟರಿನ ಭದ್ರತೆಗೇ ಕನ್ನ ಕೊರೆದಿತ್ತು. ಕಂಪನಿ ಆ ಸಿ.ಡಿ.ಗಳನ್ನು ವಾಪಸು ಪಡೆಯಬೇಕಾಯಿತು. ದುಡ್ಡು ಕೊಟ್ಟು ಸಿ.ಡಿ. ಕೊಂಡ ಪ್ರಾಮಾಣಿಕರೇ ಇಲ್ಲಿ ತೊಂದರೆಗೆ ಸಿಕ್ಕವರು. ನಕಲಿ ಹಾಡು ಇಳಿಸಿಕೊಂಡವರಿಗೆ ಏನೂ ಆಗಲಿಲ್ಲ.

2007ರ ಫೆಬ್ರವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಅವರೇ ಬಹಿರಂಗ ಪತ್ರ ಬರೆದು, ಕಂಪನಿಗಳು ಒಪ್ಪಿದರೆ ಬೀಗವಿಲ್ಲದೆ ಮಾರಲು ಸಿದ್ಧ ಎಂದರು. ಅದೇ ಏಪ್ರಿಲ್‌ನಲ್ಲಿ ಇಎಂಐ ಒಪ್ಪಿತು, 2009ರ ಜನವರಿಯಲ್ಲಿ ಉಳಿದ ದೊಡ್ಡ ಕಂಪನಿಗಳೂ ಒಪ್ಪಿರುವುದಾಗಿ ಆಪಲ್ ಪ್ರಕಟಿಸಿತು. ಮಾರಾಟದ ಹಾಡಿನಿಂದ ಬೀಗ ಕಳಚಿತು. ಬೀಗದ ಕಥೆ ಮುಗಿಯಿತೆಂದು ಅನೇಕರು ಬರೆದರು. ಮುಗಿದಿರಲಿಲ್ಲ.

ಅಂಗಡಿ ಮುಚ್ಚಿದ ದಿನ

ಬೀಗದ ನಿಜವಾದ ಪರೀಕ್ಷೆ ಅಂಗಡಿ ತೆರೆದಾಗ ಅಲ್ಲ, ಮುಚ್ಚಿದಾಗ. 2008ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಂಎಸ್‌ಎನ್ ಮ್ಯೂಸಿಕ್ ಅಂಗಡಿಯ ಹಳೆಯ ಗಿರಾಕಿಗಳಿಗೆ ಒಂದು ಪತ್ರ ಕಳಿಸಿತು. ಆಗಸ್ಟ್ ಮುಗಿದ ಮೇಲೆ ಹೊಸ ಕಂಪ್ಯೂಟರಿಗೆ ಬೀಗದ ಕೈ ಕೊಡಲಾಗದು ಎಂದು ಅದರಲ್ಲಿತ್ತು. ಅಂದರೆ, ಕಂಪ್ಯೂಟರ್ ಕೆಟ್ಟ ದಿನ ಹಣ ಕೊಟ್ಟು ಕೊಂಡ ಹಾಡೂ ಹೋಗುತ್ತದೆ. ಜನ ಸಿಟ್ಟಾದ ಮೇಲೆ ಗಡುವನ್ನು 2011ರವರೆಗೆ ಮುಂದೂಡಿತು.

ಕರ್ನಾಟಕದಲ್ಲೇ ನಡೆದ ಉದಾಹರಣೆ ಇನ್ನೂ ಬೋಧಪ್ರದ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರ ಫೆಬ್ರವರಿಯಲ್ಲಿ ‘ಫ್ಲೈಟ್’ ಎಂಬ ಹಾಡಿನ ಅಂಗಡಿ ತೆರೆಯಿತು. ಆಪಲ್‌ನ ಹಾಡಿನ ಅಂಗಡಿ ಭಾರತಕ್ಕೆ ಬಂದದ್ದು ಆ ವರ್ಷದ ಡಿಸೆಂಬರಿನಲ್ಲಿ. ಅದಕ್ಕೂ ಮೊದಲೇ ಬಂದ ಫ್ಲೈಟ್‌ನಲ್ಲಿ ಹಾಡು 6 ರೂಪಾಯಿಯಿಂದ ಸಿಗುತ್ತಿತ್ತು. ಬೀಗವಿಲ್ಲದ ಎಂಪಿ3. ವ್ಯಾಪಾರ ಕುದುರಲಿಲ್ಲ. ಪುಕ್ಕಟೆ ಹಾಡು ಎಲ್ಲೆಲ್ಲೂ ಸಿಗುತ್ತಿತ್ತು. ಆರು ರೂಪಾಯಿ ಪಾವತಿಸಲು ಈಗಿನಂತೆ ಫೋನಿನಲ್ಲೇ ದಾರಿಯೂ ಇರಲಿಲ್ಲ. 2013ರ ಜೂನ್‌ನಲ್ಲಿ ಅಂಗಡಿ ಮುಚ್ಚಿತು. ಕೊಂಡ ಹಾಡುಗಳನ್ನು ಇಳಿಸಿಟ್ಟುಕೊಳ್ಳಿ ಎಂದು ಗಿರಾಕಿಗಳಿಗೆ ಎರಡು ತಿಂಗಳ ಕಾಲಾವಕಾಶ ಕೊಟ್ಟಿತು. ಆಗ ಇಳಿಸಿಟ್ಟುಕೊಂಡವರ ಹಾಡುಗಳನ್ನು ಯಾವ ಫೋನಿನಲ್ಲಿ, ಯಾವ ಕಾರಿನಲ್ಲಿ ಬೇಕಾದರೂ ಇಂದಿಗೂ ಕೇಳಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಇದೇ ಫ್ಲಿಪ್‌ಕಾರ್ಟ್ ಇ-ಪುಸ್ತಕಗಳನ್ನೂ ಮಾರುತ್ತಿತ್ತು. ಅವುಗಳಿಗೆ ಬೀಗವಿತ್ತು, ಅದರದೇ ತಂತ್ರಾಂಶದಲ್ಲಿ ಓದಬೇಕಿತ್ತು. 2015ರ ಕೊನೆಯಲ್ಲಿ ಆ ವ್ಯಾಪಾರವನ್ನೂ ನಿಲ್ಲಿಸಿದಾಗ ಗಿರಾಕಿಗಳ ಪುಸ್ತಕಗಳನ್ನು ಕೋಬೋ ಎಂಬ ಮತ್ತೊಂದು ಕಂಪನಿಗೆ ವರ್ಗಾಯಿಸಬೇಕಾಯಿತು. ಒಂದೇ ಅಂಗಡಿಯ ಎರಡು ಸರಕು. ಬೀಗವಿಲ್ಲದ ಹಾಡು ಕೊಂಡವರ ಕೈಯಲ್ಲಿ ಉಳಿಯಿತು. ಬೀಗವಿದ್ದ ಪುಸ್ತಕಕ್ಕೆ ಹೊಸ ಯಜಮಾನನನ್ನು ಹುಡುಕಬೇಕಾಯಿತು.

ಈ ಸೀಮೆಯಲ್ಲಿ ಬೀಗ

ಈ ನಾಲ್ಕು ತಾಲ್ಲೂಕುಗಳ ಬಹುಪಾಲು ಜನ ಐಪಾಡನ್ನು ಕಂಡದ್ದು ಚಿತ್ರಗಳಲ್ಲಿ. ಇಲ್ಲಿಗೆ ಬಂದದ್ದು ಹೆಸರಿಲ್ಲದ ಅಗ್ಗದ ಎಂಪಿ3 ಯಂತ್ರ, ಆಮೇಲೆ ಮೆಮೊರಿ ಕಾರ್ಡ್ ಹಾಕುವ ಮೊಬೈಲ್, ಪೆನ್‌ಡ್ರೈವ್ ಸಿಕ್ಕಿಸುವ ಸ್ಪೀಕರ್ ಪೆಟ್ಟಿಗೆ. ಅವಕ್ಕೆ ಬೀಗವೆಂದರೆ ಗೊತ್ತಿರಲಿಲ್ಲ. ಒಂದು ಗಿಗಾಬೈಟ್ ಕಾರ್ಡಿನಲ್ಲಿ ಸುಮಾರು 250 ಹಾಡು. ಆಟೊ, ಟ್ರ್ಯಾಕ್ಟರ್, ಬಿಚ್ಚಾಣಿಕೆಯ ಮನೆ, ದ್ರಾಕ್ಷಿ ತೋಟ, ಎಲ್ಲೆಡೆಗೂ ಅವು ಹೋದವು.

ಆದರೂ ಬೀಗದ ಪರಿಚಯ ಇಲ್ಲಿನವರಿಗೆ ಇಲ್ಲದೆ ಇರಲಿಲ್ಲ. ಹಣ ಕೊಟ್ಟು ಇಳಿಸಿಕೊಂಡ ರಿಂಗ್‌ಟೋನನ್ನು ಗೆಳೆಯನ ಫೋನಿಗೆ ಬ್ಲೂಟೂತ್‌ನಲ್ಲಿ ಕಳಿಸಲು ಹೋದರೆ ಫೋನು ಒಪ್ಪುತ್ತಿರಲಿಲ್ಲ ಎಂಬುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಅದು ಫೋನ್ ಕಂಪನಿಗಳು ಸೇರಿ ಒಪ್ಪಿಕೊಂಡಿದ್ದ ಒಂದು ಬೀಗ. ಬಂದ ಕಡತ ಮುಂದೆ ಹೋಗಕೂಡದು ಎಂಬುದಷ್ಟೇ ಅದರ ನಿಯಮ. ಕಾಲರ್ ಟ್ಯೂನ್ ಇನ್ನೂ ಒಂದು ಹೆಜ್ಜೆ ಮುಂದೆ. ತಿಂಗಳು ತಿಂಗಳು ಹಣ ಕಟ್ಟಿದರೂ ಆ ಹಾಡು ಗಿರಾಕಿಯ ಫೋನಿಗೆ ಬರುವುದೇ ಇಲ್ಲ, ಕಂಪನಿಯ ಯಂತ್ರದಲ್ಲೇ ಇರುತ್ತದೆ. ದೇವರ ಮನೆಯ ಪ್ಲಗ್ಗಿಗೆ ಸಿಕ್ಕಿಸುವ ಮಂತ್ರದ ಪೆಟ್ಟಿಗೆಯೂ ಮುಚ್ಚಿದ ಯಂತ್ರವೇ. 2017ರಲ್ಲಿ ಸರಿಗಮ ಕಂಪನಿ 5,000 ಹಳೆಯ ಹಿಂದಿ ಹಾಡುಗಳನ್ನು ತುಂಬಿ ತಂದ ‘ಕಾರವಾನ್’ ಪೆಟ್ಟಿಗೆಯೂ ಆ ಜಾತಿಯದೇ. ಆದರೆ ಇವುಗಳಲ್ಲಿ ಮೋಸವಿಲ್ಲ. ಒಳಗಿರುವುದು ಹೊರಬರುವುದಿಲ್ಲ ಎಂಬುದು ಕೊಳ್ಳುವಾಗಲೇ ಗೊತ್ತಿರುತ್ತದೆ. ಕಂಪನಿ ಇರಲಿ ಹೋಗಲಿ, ಪೆಟ್ಟಿಗೆ ಕೆಡುವವರೆಗೆ ಹಾಡು ಕೇಳಿಸುತ್ತದೆ.

ಹಾಡಿದವರ ಪಾಲು

ಇಲ್ಲಿಯವರೆಗಿನ ಮಾತು ಕೇಳಿದರೆ ಕಂಪನಿಗಳದೇ ಎಲ್ಲ ತಪ್ಪು ಎನ್ನಿಸಬಹುದು. ಹಾಗಲ್ಲ. ಕಾರ್ಡಿಗೆ ಹಾಡು ತುಂಬಿಸಿದ ಅಂಗಡಿಗೆ ಲಾಭ ಬಂತು, ಕೇಳುಗರಿಗೆ ಸಂತೋಷ ಬಂತು. ಹಾಡು ಬರೆದವರಿಗೆ, ರಾಗ ಹಾಕಿದವರಿಗೆ, ಹಾಡಿದವರಿಗೆ ಬಂದದ್ದು ಸೊನ್ನೆ. ದೊಡ್ಡ ಕಂಪನಿ ಆ ಪೆಟ್ಟು ತಡೆದುಕೊಂಡಿತು. ಭಜನೆ, ಜನಪದ ಗೀತೆಗಳ ಒಂದು ಕ್ಯಾಸೆಟ್ ತರಲು ಸಾಲ ಮಾಡಿದ ಸಣ್ಣ ಕಂಪನಿ ತಡೆದುಕೊಳ್ಳಲಿಲ್ಲ.

ಸರ್ಕಾರ ಇದನ್ನು ಕಠಿಣವಾಗಿಯೇ ಕಂಡಿತು. ಕಳ್ಳಭಟ್ಟಿಯವರು, ಜೂಜುಕೋರರು, ಗೂಂಡಾಗಳ ವಿರುದ್ಧ ಕರ್ನಾಟಕ 1985ರಲ್ಲಿ ಮಾಡಿದ ಮುಂಜಾಗ್ರತಾ ಬಂಧನದ ಕಾಯ್ದೆಗೆ ಮುಂದೆ ಆಡಿಯೊ-ವಿಡಿಯೊ ನಕಲುಕೋರರನ್ನೂ ಸೇರಿಸಲಾಯಿತು. 2014ರ ತಿದ್ದುಪಡಿಯಲ್ಲಿ ‘ಡಿಜಿಟಲ್ ಅಪರಾಧಿ’ಗಳೂ ಆ ಪಟ್ಟಿಗೆ ಬಂದರು. ಹಾಡಿನ ಕಳ್ಳರನ್ನು ಗೂಂಡಾಗಳ ಸಾಲಿಗೆ ನಿಲ್ಲಿಸುವುದು ಸರಿಯೇ ಎಂಬ ಚರ್ಚೆ ಆಗ ನಡೆಯಿತು.

ಕೇಂದ್ರದ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯನ್ನು ಎಲ್ಲರೂ ತಿಳಿದಿರಬೇಕು. ಅದರಲ್ಲಿ ಎರಡು ಮುಖ್ಯ ಸಂಗತಿಗಳಿವೆ. ಒಂದು, ಬೀಗ ಮುರಿಯುವುದನ್ನು ಕುರಿತ 65ಎ ಪ್ರಕರಣ. ಕೃತಿಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸಜೆ, ಜೊತೆಗೆ ದಂಡ. ‘ಆ ಉದ್ದೇಶದಿಂದ’ ಎಂಬ ಮಾತನ್ನು ಗಮನಿಸಬೇಕು. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ಅದು ಅಪರಾಧವಲ್ಲ. ಅಂಥ ಕೆಲಸಕ್ಕೆ ಮತ್ತೊಬ್ಬರಿಗೆ ನೆರವಾಗುವವರು ಮಾತ್ರ ಅವರ ಹೆಸರು, ವಿಳಾಸ, ಉದ್ದೇಶಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು. ಸ್ವಂತ ಬಳಕೆಗಾಗಿ ನ್ಯಾಯವಾದ ಮಿತಿಯಲ್ಲಿ ಮಾಡಿಕೊಳ್ಳುವ ಉಪಯೋಗಕ್ಕೂ ಇದೇ ಕಾಯ್ದೆಯ 52ನೆಯ ಪ್ರಕರಣ ಅವಕಾಶ ಕೊಡುತ್ತದೆ.

ಎರಡನೆಯದು, ಗೀತರಚನಕಾರರು ಮತ್ತು ಸಂಗೀತ ನಿರ್ದೇಶಕರ ಗೌರವಧನದ ಪಾಲು. ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಕಡೆ ಹಾಡು ಬಳಕೆಯಾದಾಗ ಅದರ ಆದಾಯದಲ್ಲಿ ಅವರ ಪಾಲನ್ನು ಕರಾರುಪತ್ರದಿಂದಲೂ ಕಿತ್ತುಕೊಳ್ಳುವಂತಿಲ್ಲ. ಇಲ್ಲಿ ಒಂದು ವಿವೇಕವಿದೆ. ಕಲಾವಿದರಿಗೆ ಸಿಗಬೇಕಾದ್ದನ್ನು ಕೊಡಿಸಿದ್ದು ಈ ಎರಡನೆಯ ಕಲಮು, ಬೀಗವಲ್ಲ. ಬೀಗದ ಕೈ ಎಂದೂ ಕಲಾವಿದರ ಬಳಿ ಇರಲಿಲ್ಲ. ಅದು ಕಂಪನಿಯ ಬಳಿ ಇತ್ತು. ನಕಲು ತಡೆಯುವುದೂ ಕಲಾವಿದರಿಗೆ ಹಣ ತಲುಪಿಸುವುದೂ ಬೇರೆ ಬೇರೆ ಕೆಲಸಗಳು.

ಬಾಡಿಗೆಗೆ ಬಂದ ಹಾಡು

ಈಗ ಹಾಡು ಕೊಳ್ಳುವವರು ವಿರಳ. ತಿಂಗಳಿಗಿಷ್ಟು ಎಂದು ಕಟ್ಟಿ, ಇಲ್ಲವೇ ಜಾಹೀರಾತು ಸಹಿಸಿಕೊಂಡು, ಫೋನಿನಲ್ಲಿ ಕೇಳುತ್ತಾರೆ. ಐಪಾಡ್ ತಯಾರಿಕೆಯನ್ನು ಆಪಲ್ 2022ರ ಮೇ ತಿಂಗಳಲ್ಲಿ ನಿಲ್ಲಿಸಿತು. ಅನುಕೂಲ ಬಹಳ ಇದೆ. ಕೋಟಿಗಟ್ಟಲೆ ಹಾಡು ಬೆರಳ ತುದಿಯಲ್ಲಿವೆ, ಹಾಡಿದವರಿಗೂ ಅಷ್ಟಿಷ್ಟು ಹಣ ಹೋಗುತ್ತದೆ, ಕಾರ್ಡ್ ತುಂಬಿಸುವ ದಂಧೆಯೂ ಬಹುಮಟ್ಟಿಗೆ ಇಳಿದಿದೆ. ಆದರೆ 2009ರಲ್ಲಿ ಮುಂಬಾಗಿಲಿನಿಂದ ಹೊರಹೋದ ಬೀಗ ಹಿತ್ತಿಲ ಬಾಗಿಲಿನಿಂದ ಒಳಬಂದಿದೆ. ‘ಡೌನ್‌ಲೋಡ್’ ಒತ್ತಿದರೆ ಫೋನಿಗೆ ಇಳಿಯುವುದು ಬೀಗ ಹಾಕಿದ ಕಡತ. ಬೇರೆ ತಂತ್ರಾಂಶದಲ್ಲಿ ಅದು ನುಡಿಯದು. ಸ್ಪಾಟಿಫೈನಲ್ಲಿ ಇಳಿಸಿಟ್ಟ ಹಾಡು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್ ಸಂಪರ್ಕಕ್ಕೆ ಬರಬೇಕು. ಚಂದಾ ನಿಂತರೆ ಹಾಡೂ ನಿಂತಿತು.

ಬಾಡಿಗೆ ಮನೆಯಲ್ಲಿ ಇರುವವರಿಗೆ ಮನೆ ತಮ್ಮದಲ್ಲವೆಂದು ಗೊತ್ತಿರುತ್ತದೆ. ಬಾಡಿಗೆಯ ಹಾಡಿನಲ್ಲಿ ಅದು ತಟ್ಟನೆ ಹೊಳೆಯುವುದಿಲ್ಲ. 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ, ಸರಿಗಮ ಕಂಪನಿಯೊಂದಿಗೆ ಒಪ್ಪಂದ ಕುದುರದೆ, ದೆಹಲಿ ಹೈಕೋರ್ಟಿನಲ್ಲಿ ವ್ಯಾಜ್ಯ ನಡೆದು, ಆ ಕಂಪನಿಯ ಹಾಡುಗಳನ್ನೆಲ್ಲ ತೆಗೆದುಹಾಕಿತು. ಹಳೆಯ ಎಚ್‌ಎಂವಿ ಧ್ವನಿಮುದ್ರಿಕೆಗಳ ಒಡೆತನ ಸರಿಗಮದ್ದು. ಅವುಗಳಲ್ಲಿ ಹಳೆಯ ಕನ್ನಡ ಚಿತ್ರಗೀತೆಗಳೂ ಇವೆ. 2020ರಲ್ಲಿ ಒಪ್ಪಂದವಾಗುವವರೆಗೆ ಅವು ಅಲ್ಲಿ ಸಿಗುತ್ತಿರಲಿಲ್ಲ. ರೆಸ್ಸೊ ಎಂಬ ಸೇವೆ 2024ರ ಜನವರಿಯಲ್ಲಿ ಭಾರತದಲ್ಲಿ ಮುಚ್ಚಿತು. ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ ಮುಚ್ಚುವ ಪ್ರಕಟಣೆ ಅದೇ ವರ್ಷದ ಆಗಸ್ಟಿನಲ್ಲಿ ಹೊರಬಿತ್ತು. ವರ್ಷಗಟ್ಟಲೆ ಕೂಡಿಸಿಟ್ಟ ಹಾಡಿನ ಪಟ್ಟಿಗಳನ್ನು ಜನ ಮತ್ತೊಂದು ಕಡೆ ಮೊದಲಿನಿಂದ ಕಟ್ಟಿಕೊಳ್ಳಬೇಕಾಯಿತು.

ಹೊಸ ಚಿತ್ರಗೀತೆಗೆ ಇದರಿಂದ ದೊಡ್ಡ ನಷ್ಟವಿಲ್ಲ, ಇಲ್ಲಿ ಇಲ್ಲದಿದ್ದರೆ ಇನ್ನೊಂದೆಡೆ ಸಿಗುತ್ತದೆ. ನಷ್ಟ ಇರುವುದು ಅಪರೂಪದ ಹಾಡುಗಳಿಗೆ. ಕೈವಾರದ ತಾತಯ್ಯನವರ ಪದಗಳ ಮೇಲೆ ಯಾರ ಕೃತಿಸ್ವಾಮ್ಯವೂ ಇಲ್ಲ, ಅವು ಎಲ್ಲರ ಸ್ವತ್ತು. ಆದರೆ ಆ ಪದವನ್ನು ಒಬ್ಬರು ಹಾಡಿದ ಧ್ವನಿಮುದ್ರಣಕ್ಕೆ ಪ್ರಕಟವಾದ ನಂತರ 60 ವರ್ಷ ಕೃತಿಸ್ವಾಮ್ಯವಿದೆ. ಅರುವತ್ತು ವರ್ಷ ಕಳೆದ ದಿನ ಅದು ಸಾರ್ವಜನಿಕರದಾಗುತ್ತದೆ ಎನ್ನುತ್ತದೆ ಕಾನೂನು. ಬೀಗಕ್ಕೆ ಮಾತ್ರ ಈ ಲೆಕ್ಕ ತಿಳಿಯದು. ಅವಧಿ ಮುಗಿಯಿತೆಂದು ಅದು ತಾನಾಗಿ ತೆರೆದುಕೊಳ್ಳುವುದಿಲ್ಲ. ಅಷ್ಟರಲ್ಲಿ ಕಂಪನಿ ಇಲ್ಲವಾಗಿದ್ದು, ಬೀಗ ಹಾಕಿದ ಪ್ರತಿಯೊಂದೇ ಉಳಿದಿದ್ದರೆ, ಹಾಡು ಸಾರ್ವಜನಿಕರದಾದರೂ ಸಾರ್ವಜನಿಕರಿಗೆ ಕೇಳಿಸದು.

ಮಾಡಬಹುದಾದ ಕೆಲಸ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರು ಯಾವುದನ್ನೇ ಆಗಲಿ ಪ್ರಶ್ನಿಸಿ ಒಪ್ಪುವುದನ್ನು ಜೀವನವಿಡೀ ಕಲಿಸಿದರು. ಹಾಡಿನ ಯಂತ್ರವನ್ನೋ ಚಂದಾವನ್ನೋ ಕೊಳ್ಳುವ ಮುನ್ನ ಅಂಗಡಿಯವರಿಗೆ ಮೂರು ಪ್ರಶ್ನೆ ಕೇಳಿ. ಈ ಹಾಡು ಬೇರೆ ಕಂಪನಿಯ ಯಂತ್ರದಲ್ಲಿ ನುಡಿಯುತ್ತದೆಯೇ? ಕಂಪನಿ ಮುಚ್ಚಿದರೆ ಇದರ ಗತಿ ಏನು? ಅಜ್ಜಿಯ ಪೆಟ್ಟಿಗೆಯ ಕ್ಯಾಸೆಟ್ಟುಗಳು ಮೊಮ್ಮಕ್ಕಳಿಗೆ ಬಂದಂತೆ ಇದೂ ಬರುತ್ತದೆಯೇ? ಉತ್ತರ ‘ಇಲ್ಲ’ ಎಂದಾದರೆ ಕೊಳ್ಳಬೇಡಿ ಎಂದಲ್ಲ. ಬಾಡಿಗೆ ಎಂದು ತಿಳಿದು ಬಾಡಿಗೆಯಷ್ಟೇ ಬೆಲೆ ಕೊಟ್ಟರೆ ಸಾಕು.

ಹೆಚ್ಚಿನ ಎಚ್ಚರ ಬೇಕಾದದ್ದು ಭಜನಾ ಮಂಡಳಿಗಳಿಗೆ, ತತ್ವಪದಕಾರರಿಗೆ, ನಾಟಕ ತಂಡಗಳಿಗೆ. ಈಗ ಫೋನಿನಲ್ಲೇ ಧ್ವನಿಮುದ್ರಿಸಿ ಯಾವುದೋ ತಾಣಕ್ಕೆ ಏರಿಸಿ ಮೂಲ ಕಡತವನ್ನು ಜಾಗ ಸಾಲದೆಂದು ಅಳಿಸಿಬಿಡುವ ಅಭ್ಯಾಸ ಹೆಚ್ಚುತ್ತಿದೆ. ಆಮೇಲೆ ಆ ಹಾಡಿನ ಇರವು ಪರರ ಕೈಯಲ್ಲಿ. ತಾಣಕ್ಕೆ ಏರಿಸುವುದು ತಪ್ಪಲ್ಲ. ಮೂಲ ಕಡತವನ್ನು ಅಳಿಸದೆ, ಯಾವ ಯಂತ್ರದಲ್ಲೂ ನುಡಿಯುವ ರೂಪದಲ್ಲಿ, ಎರಡು ಬೇರೆ ಬೇರೆ ಮನೆಗಳಲ್ಲಿ ಇಡಬೇಕು. ಎಂಪಿ3 ಅಂಥ ಒಂದು ರೂಪ. ಅದರ ಪೇಟೆಂಟ್ ಪರವಾನಗಿಯೂ 2017ರಲ್ಲಿ ಕೊನೆಗೊಂಡಿದ್ದು, ಈಗ ಅದನ್ನು ಬಳಸಲು ಯಾರಿಗೂ ಹಣ ಕೊಡಬೇಕಿಲ್ಲ. ಇನ್ನೂ ಚೊಕ್ಕವಾಗಿ ಇಡಬೇಕೆಂದರೆ ಏನನ್ನೂ ಕೈಬಿಡದ ವೇವ್ ರೂಪವಿದೆ. ಹಾಡಿದವರು ಯಾರು, ಯಾವ ಊರು, ಯಾವ ವರ್ಷ ಎಂಬುದನ್ನು ಜೊತೆಗೇ ಬರೆದಿಡಬೇಕು. ಹಾಡಿದವರ ಒಪ್ಪಿಗೆಯನ್ನೂ ಬರಹದಲ್ಲಿ ಪಡೆಯಬೇಕು. ನಾಳೆ ಆ ಹಾಡಿನಿಂದ ಹಣ ಬಂದರೆ ಅವರ ಪಾಲು ಅವರಿಗೆ ಸೇರಲು ಅದೇ ಆಧಾರ.

ಮನೆಗಳಲ್ಲಿ ಹಳೆಯ ಕ್ಯಾಸೆಟ್ಟುಗಳು ಇನ್ನೂ ಇವೆ. ಅವುಗಳ ನಾಡಾ ಬೂಸಲು ಹಿಡಿಯುತ್ತಿದೆ, ನುಡಿಸುವ ಟೇಪ್ ರೆಕಾರ್ಡರುಗಳು ಕೆಡುತ್ತಿವೆ. ಊರಿನ ಮದುವೆಯ ಸೋಬಾನೆ, ಜಾತ್ರೆಯ ನಾಟಕ, ತೀರಿಕೊಂಡ ಭಾಗವತರೊಬ್ಬರ ದನಿ ಅವುಗಳಲ್ಲಿರಬಹುದು. ಮನೆಯವರೇ ಧ್ವನಿಮುದ್ರಿಸಿಕೊಂಡ ಇಂಥ ಸುರುಳಿಗಳಿಗೆ ಯಾವ ಕಂಪನಿಯೂ ಬೀಗ ಹಾಕಿಲ್ಲ. ಅವನ್ನು ಕಂಪ್ಯೂಟರಿಗೆ ಇಳಿಸಲು ಒಂದು ಟೇಪ್ ರೆಕಾರ್ಡರ್, ಒಂದು ತಂತಿ, ಕ್ಯಾಸೆಟ್ಟಿಗೆ ಒಂದು ಗಂಟೆಯ ತಾಳ್ಮೆ ಸಾಕು. ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳು ಬರುವ ಬೇಸಿಗೆ ರಜೆಯಲ್ಲಿ ತಮ್ಮ ತಮ್ಮ ಊರಿನಿಂದಲೇ ಈ ಕೆಲಸ ಆರಂಭಿಸಬಹುದು.